ಹನ್ನೆರಡು ಹಾಳೆಗೆ 96 ಎಂಬಿ: ಮನೆಯ ಸ್ಕ್ಯಾನರಿನ ಫೈಲ್ ಉಬ್ಬುವುದೇಕೆ?

ಪ್ರಶ್ನೆ: ನಾವು ಸೇಡಂನವರು. ಪ್ರಿಂಟ್, ಝೆರಾಕ್ಸ್, ಸ್ಕ್ಯಾನ್ ಮೂರನ್ನೂ ಮಾಡುವ ಇಂಕ್ ಟ್ಯಾಂಕ್ ಪ್ರಿಂಟರ್ ಒಂದನ್ನು ಮನೆಗೆ ತಂದಿದ್ದೇವೆ. ನಮ್ಮ ಹೊಲದ ಖರೀದಿ ಪತ್ರ, ಅದರ ಜೊತೆಗಿರುವ ಹಳೆಯ ಉರ್ದು ಕಾಗದಗಳು ಮತ್ತು ಪಹಣಿ ಸೇರಿ ಹನ್ನೆರಡು ಹಾಳೆಗಳನ್ನು ಸ್ಕ್ಯಾನ್ ಮಾಡಿದರೆ ಪಿಡಿಎಫ್ 96 ಎಂಬಿ ಆಯಿತು. ಅಪ್‌ಲೋಡ್ ಮಿತಿ ಇರುವುದು 2 ಎಂಬಿ. ಮಗಳ ನೌಕರಿ ಅರ್ಜಿಗೆ ಅಂಕಪಟ್ಟಿ ಮತ್ತು 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಪ್ರಮಾಣಪತ್ರ ತಲಾ 200 ಕೆಬಿ ಒಳಗಿರಬೇಕು. ನಮ್ಮವು ಒಂದೊಂದೂ 8-9 ಎಂಬಿ ಇವೆ. ಜಿಪ್ ಮಾಡಿದರೂ ಕಡಿಮೆಯಾಗಲಿಲ್ಲ. ಆನ್‌ಲೈನ್ ಜಾಲತಾಣವೊಂದರಲ್ಲಿ ಕುಗ್ಗಿಸಿದರೆ ಅಕ್ಷರಗಳು ಕಲಸಿಹೋದವು. ಕಂಪ್ಯೂಟರಿನಲ್ಲಿ 200 ಡಿಪಿಐ ಎಂದು ಬದಲಿಸಿ ಪ್ರಿಂಟರಿನ ಸ್ಕ್ಯಾನ್ ಗುಂಡಿ ಒತ್ತಿದರೂ ಫೈಲ್ ಅಷ್ಟೇ ಬರುತ್ತಿದೆ. ಬಸ್ ನಿಲ್ದಾಣದ ಹತ್ತಿರದ ಆನ್‌ಲೈನ್ ಸೆಂಟರಿನವರು ಅದೇ ಅಂಕಪಟ್ಟಿಯನ್ನು 150 ಕೆಬಿಗೆ ಸ್ವಚ್ಛವಾಗಿ ಮಾಡಿಕೊಟ್ಟರು. ಅವರು ಮಾಡುವುದೇನು? ಹೊಲದ ಕಾಗದಗಳನ್ನು ಕಲಬುರಗಿಯ ವಕೀಲರಿಗೆ ಇಮೇಲ್ ಕೂಡ ಮಾಡಬೇಕಾಗಿದೆ.

ಉತ್ತರ: ಆನ್‌ಲೈನ್ ಸೆಂಟರಿನವರ ಬಳಿ ವಿಶೇಷ ಯಂತ್ರವೇನೂ ಇರುವುದಿಲ್ಲ; ಎಷ್ಟೋ ಕಡೆ ನಿಮ್ಮ ಮನೆಯಲ್ಲಿರುವಂಥದ್ದೇ ಪ್ರಿಂಟರ್ ಇರುತ್ತದೆ. ಆದರೆ ದಿನವಿಡೀ ಅದೇ ಕೆಲಸ ಮಾಡುವ ಅವರು, ಹಾಳೆಯನ್ನು ಗಾಜಿನ ಮೇಲೆ ಇಡುವ ಮೊದಲೇ ಎಷ್ಟು ಡಿಪಿಐ, ಬಣ್ಣ ಬೇಕೋ ಬೇಡವೋ, ಯಾವ ರೂಪದಲ್ಲಿ ಉಳಿಸಬೇಕು ಎಂಬ ಮೂರು ಸಂಗತಿಗಳನ್ನು ನಿರ್ಧರಿಸಿಕೊಂಡಿರುತ್ತಾರೆ. ನೀವು ಈ ಮೂರನ್ನೂ ಯಂತ್ರಕ್ಕೆ ಬಿಟ್ಟು, ಫೈಲ್ ದೊಡ್ಡದಾದ ಮೇಲೆ ಅದನ್ನು ಕುಗ್ಗಿಸಲು ಹೊರಟಿದ್ದೀರಿ. ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿವೆ.

ಮೊದಲು ಲೆಕ್ಕವನ್ನು ನೋಡೋಣ. ಎ4 ಹಾಳೆಯ ಅಳತೆ 210 ಮತ್ತು 297 ಮಿಲಿಮೀಟರ್, ಅಂದರೆ ಸುಮಾರು 8.27 ಇಂಚು ಅಗಲ, 11.69 ಇಂಚು ಉದ್ದ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಓದುವ ಚುಕ್ಕೆಗಳ (ಪಿಕ್ಸೆಲ್‌ಗಳ) ಸಂಖ್ಯೆ. 600 ಡಿಪಿಐ ಇಟ್ಟರೆ ಒಂದು ಹಾಳೆಗೆ ಸುಮಾರು 4960 ಮತ್ತು 7016ರ ಗುಣಲಬ್ಧದಷ್ಟು, ಅಂದರೆ ಮೂರೂವರೆ ಕೋಟಿಯಷ್ಟು ಪಿಕ್ಸೆಲ್‌ಗಳಾಗುತ್ತವೆ. ಬಣ್ಣದ ಸ್ಕ್ಯಾನಿನಲ್ಲಿ ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್ ಬೇಕಾದ್ದರಿಂದ, ಒತ್ತದೆ, ಅಂದರೆ ಕಂಪ್ರೆಸ್ ಮಾಡದೆ, ಹಾಗೆಯೇ ಇಟ್ಟರೆ ಒಂದು ಹಾಳೆ 104 ಎಂಬಿ ಆಗುತ್ತದೆ. ನಿಮ್ಮ ಹಾಳೆ ಸರಾಸರಿ 8 ಎಂಬಿ ಬಂದಿದೆ ಎಂದರೆ ತಂತ್ರಾಂಶವು ಅದನ್ನು ಆಗಲೇ ಹದಿಮೂರು ಪಟ್ಟು ಒತ್ತಿದೆ ಎಂದರ್ಥ. ಆದ್ದರಿಂದ ನಿಮ್ಮ ಯಂತ್ರ 600 ಡಿಪಿಐ ಬಣ್ಣದಲ್ಲಿ ಓದುತ್ತಿದೆ ಎಂದೇ ನನ್ನ ಅಂದಾಜು. ಖಚಿತಪಡಿಸಿಕೊಳ್ಳಬೇಕಾದರೆ ಒಂದು ಹಾಳೆಯನ್ನು ಜೆಪೆಗ್ ಆಗಿ ಉಳಿಸಿ, ಫೈಲ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ನಲ್ಲಿ ಅಗಲ ಎಷ್ಟು ಪಿಕ್ಸೆಲ್ ಎಂದು ನೋಡಿ. 4960ರ ಆಸುಪಾಸು ಇದ್ದರೆ 600 ಡಿಪಿಐ, 2480 ಇದ್ದರೆ 300, 1654 ಇದ್ದರೆ 200, 1240 ಇದ್ದರೆ 150. ಡಿಪಿಐ ಅರ್ಧಕ್ಕಿಳಿದರೆ ಪಿಕ್ಸೆಲ್‌ಗಳು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತವೆ. ಏಕೆಂದರೆ ಅಗಲವೂ ಉದ್ದವೂ ಎರಡೂ ಇಳಿಯುತ್ತವೆ. 600ರಿಂದ 200ಕ್ಕೆ ಬಂದರೆ ಒಂಬತ್ತನೇ ಒಂದು ಭಾಗ ಮಾತ್ರ ಉಳಿಯುತ್ತದೆ.

ಜಿಪ್ ಏಕೆ ಕೆಲಸ ಮಾಡಲಿಲ್ಲ ಎಂಬುದಕ್ಕೂ ಇದರಲ್ಲೇ ಉತ್ತರವಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂಬುದು ಬರೀ ಚೀಲ; ಒಳಗೆ ತೊಗರಿ ತುಂಬಿದ್ದೀರೋ ಹೊಟ್ಟು ತುಂಬಿದ್ದೀರೋ ಎಂದು ಅದು ಕೇಳುವುದಿಲ್ಲ. ಒಳಗಿರುವವು ಜೆಪೆಗ್ ಚಿತ್ರಗಳು, ಅವು ಆಗಲೇ ಒತ್ತಿದಂಥವು, ಒಮ್ಮೆ ಒತ್ತಿದ್ದನ್ನು ಜಿಪ್ ಮತ್ತೆ ಒತ್ತಲಾರದು. ಚಿತ್ರ ತೆರೆಯುವ ಕೆಲವು ತಂತ್ರಾಂಶಗಳಲ್ಲಿ ಡಿಪಿಐ ಅಂಕಿಯನ್ನಷ್ಟೇ 600ರಿಂದ 150ಕ್ಕೆ ತಿದ್ದುವ ಅವಕಾಶವಿರುತ್ತದೆ. ಪಿಕ್ಸೆಲ್‌ಗಳ ಸಂಖ್ಯೆ ಬದಲಾಗದಿದ್ದರೆ ಅದರಿಂದಲೂ ಫೈಲಿನ ತೂಕ ಇಳಿಯುವುದಿಲ್ಲ.

ಕಂಪ್ಯೂಟರಿನಲ್ಲಿ 200 ಡಿಪಿಐ ಇಟ್ಟರೂ ಫೈಲ್ ಅಷ್ಟೇ ಬರುತ್ತಿರುವುದಕ್ಕೆ ಕಾರಣವನ್ನು ನೀವೇ ಬರೆದಿದ್ದೀರಿ: ನೀವು ಒತ್ತಿದ್ದು ಪ್ರಿಂಟರಿನ ಮೇಲಿರುವ ಗುಂಡಿ. ಬಹುತೇಕ ಆಲ್-ಇನ್-ಒನ್ ಯಂತ್ರಗಳಲ್ಲಿ ಆ ಗುಂಡಿಗೆ ತನ್ನದೇ ಆದ ಪ್ರತ್ಯೇಕ ಸೆಟ್ಟಿಂಗ್ ಇರುತ್ತದೆ. ಕಂಪ್ಯೂಟರಿನ ಸ್ಕ್ಯಾನ್ ಕಿಟಕಿಯಲ್ಲಿ ನೀವು ಬದಲಿಸಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಅದೇ ರೀತಿ ವಿಂಡೋಸ್‌ನ ಸ್ಕ್ಯಾನ್ ಆ್ಯಪ್ ಒಂದು ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ, ಪ್ರಿಂಟರ್ ಕಂಪನಿಯ ತಂತ್ರಾಂಶ ಇನ್ನೊಂದನ್ನು ಇಟ್ಟುಕೊಂಡಿರುತ್ತದೆ. ಯಾವುದಾದರೂ ಒಂದೇ ಕಡೆಯಿಂದ ಸ್ಕ್ಯಾನ್ ಮಾಡುವ ರೂಢಿ ಮಾಡಿಕೊಳ್ಳಿ. ನನ್ನ ಸಲಹೆಯೆಂದರೆ ಗುಂಡಿಯನ್ನು ಮರೆತು, ಕಂಪ್ಯೂಟರಿನಿಂದಲೇ ಮಾಡುವುದು.

ಹಾಗಾದರೆ ಎಷ್ಟು ಡಿಪಿಐ ಸಾಕು? ಇದನ್ನು ಫೈಲ್ ಗಾತ್ರದಿಂದ ಅಳೆಯದೆ, ಹಾಳೆಯ ಮೇಲಿನ ಅತಿ ಚಿಕ್ಕ ಅಕ್ಷರದಿಂದ ಅಳೆಯಬೇಕು. ಹತ್ತು ಪಾಯಿಂಟಿನ ಅಕ್ಷರಕ್ಕೆ 300 ಡಿಪಿಐನಲ್ಲಿ ಸುಮಾರು 42 ಪಿಕ್ಸೆಲ್ ಎತ್ತರ ಸಿಗುತ್ತದೆ, 200ರಲ್ಲಿ 28, 150ರಲ್ಲಿ 21, ಮತ್ತು 72ರಲ್ಲಿ ಬರೀ ಹತ್ತು. ಇಂಗ್ಲಿಷ್ ಅಕ್ಷರ ಹತ್ತು ಪಿಕ್ಸೆಲ್‌ನಲ್ಲಿ ಹೇಗೋ ಕಾಣಿಸಿಕೊಳ್ಳುತ್ತದೆ. ಆದರೆ ಕನ್ನಡದಲ್ಲಿ ಆ ಹತ್ತರಲ್ಲೇ ತಲೆಕಟ್ಟು, ಅಕ್ಷರದ ಹೊಟ್ಟೆ, ಕೆಳಗಿನ ಒತ್ತು ಎಲ್ಲವೂ ಕೂಡಬೇಕು. ‘ಸ್ಥ’ದ ಥಕಾರಕ್ಕೆ ಮೂರು ಪಿಕ್ಸೆಲ್ ಮಾತ್ರ ಉಳಿದರೆ ಅದು ಧಕಾರವೋ ಥಕಾರವೋ ಎಂದು ಯಾರೂ ಹೇಳಲಾರರು. ಕುಗ್ಗಿಸುವ ಅನೇಕ ಸಾಧನಗಳು ‘ಅತಿ ಚಿಕ್ಕ ಗಾತ್ರ’ ಎಂದು ಆರಿಸಿದರೆ ಚಿತ್ರವನ್ನು 72 ಡಿಪಿಐಗೇ ಇಳಿಸುತ್ತವೆ. ನಿಮ್ಮ ಅಕ್ಷರಗಳು ಕಲಸಿಹೋದದ್ದು ಬಹುಶಃ ಹೀಗೆ. ಕನ್ನಡದ ದಾಖಲೆಯನ್ನು 150ಕ್ಕಿಂತ ಕೆಳಗೆ ಇಳಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಚಿಕ್ಕ ಅಕ್ಷರದ ಪಹಣಿಗೆ ಕನಿಷ್ಠ 200 ಇರಲಿ.

ಇನ್ನು ಬಣ್ಣದ ವಿಷಯ. ಸ್ಕ್ಯಾನ್ ಕಿಟಕಿಯಲ್ಲಿ ಕಲರ್, ಗ್ರೇಸ್ಕೇಲ್, ಬ್ಲ್ಯಾಕ್ ಅಂಡ್ ವೈಟ್ ಎಂಬ ಮೂರು ಆಯ್ಕೆಗಳಿರುತ್ತವೆ. ಕೊನೆಯ ಎರಡನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಅವು ಬೇರೆ ಬೇರೆ. ಗ್ರೇಸ್ಕೇಲ್‌ನಲ್ಲಿ ಒಂದೊಂದು ಪಿಕ್ಸೆಲ್‌ಗೆ 256 ಮಟ್ಟದ ಬೂದು ಛಾಯೆಗಳಿರುತ್ತವೆ; ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ಪಿಕ್ಸೆಲ್ ಒಂದೋ ಕಪ್ಪು, ಇಲ್ಲವೇ ಬಿಳಿ. ಬಣ್ಣದಿಂದ ಗ್ರೇಸ್ಕೇಲ್‌ಗೆ ಬಂದರೆ ಗಾತ್ರ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ನಿರೀಕ್ಷಿಸಬೇಡಿ, ಏಕೆಂದರೆ ಜೆಪೆಗ್ ವಿಧಾನವು ಬಣ್ಣದ ಮಾಹಿತಿಯನ್ನು ಮೊದಲೇ ಬಲವಾಗಿ ಒತ್ತಿರುತ್ತದೆ. ಉಳಿತಾಯವಿದೆ, ಆದರೆ ಸಾಧಾರಣದ್ದು. ನಿಜವಾದ ಉಳಿತಾಯ ಇರುವುದು ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ. 300 ಡಿಪಿಐನ ಹಾಳೆ ಒತ್ತದೆಯೇ ಸುಮಾರು ಒಂದು ಎಂಬಿ ಇರುತ್ತದೆ, ಮತ್ತು 1980ರ ದಶಕದಲ್ಲಿ ಫ್ಯಾಕ್ಸ್‌ಗಾಗಿ ರೂಪುಗೊಂಡ ಗ್ರೂಪ್ 4 ಎಂಬ ವಿಧಾನದಲ್ಲಿ ಒತ್ತಿದರೆ ಟೈಪ್ ಮಾಡಿದ ಸಾಮಾನ್ಯ ಹಾಳೆ 100 ಕೆಬಿ ಒಳಗೇ ನಿಲ್ಲುತ್ತದೆ. ಆ ವಿಧಾನವು ಒಂದೊಂದು ಸಾಲನ್ನೂ ಅದರ ಮೇಲಿನ ಸಾಲಿಗೆ ಹೋಲಿಸಿ, ಎಲ್ಲಿ ವ್ಯತ್ಯಾಸವಿದೆಯೋ ಅದನ್ನಷ್ಟೇ ಬರೆದಿಡುತ್ತದೆ. ಖಾಲಿ ಜಾಗಕ್ಕೆ ಅದು ಹೆಚ್ಚುಕಡಿಮೆ ಏನನ್ನೂ ಬರೆಯಬೇಕಾಗಿಲ್ಲ. ಹಾಳೆಯ ತುಂಬ ಧೂಳಿನ ಚುಕ್ಕೆಗಳಿದ್ದರೆ ಮಾತ್ರ ಪ್ರತಿ ಚುಕ್ಕೆಯೂ ಒಂದು ವ್ಯತ್ಯಾಸವಾಗಿ ಫೈಲ್ ಹಲವು ಪಟ್ಟು ಬೆಳೆಯುತ್ತದೆ. ನಮ್ಮ ಕಡೆಯ ಬೇಸಿಗೆಯ ಧೂಳು ನಿಮಗೆ ಹೇಳಬೇಕಾಗಿಲ್ಲ. ಮೆತ್ತನೆಯ ಬಟ್ಟೆಯನ್ನು ತುಸು ಒದ್ದೆ ಮಾಡಿ ಗಾಜನ್ನು ಒರೆಸಿ, ನೀರನ್ನು ನೇರವಾಗಿ ಗಾಜಿನ ಮೇಲೆ ಸಿಂಪಡಿಸಬೇಡಿ.

ಇಲ್ಲಿ ಒಂದು ಎಚ್ಚರಿಕೆ. ಬ್ಲ್ಯಾಕ್ ಅಂಡ್ ವೈಟ್ ಆರಿಸಿ ಜೆಪೆಗ್ ಆಗಿ ಉಳಿಸಿದರೆ ಉಪಯೋಗವಿಲ್ಲ. ಜೆಪೆಗ್‌ಗೆ ಬರೀ ಕಪ್ಪು-ಬಿಳಿಯನ್ನು ಇಡುವ ರೂಪವೇ ಇಲ್ಲ. ಅದು ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಮೆಲ್ಲಗೆ ಬದಲಾಗುವ ಛಾಯೆಗಳು ಚೆನ್ನಾಗಿ ಕಾಣುವಂತೆ ಒತ್ತುತ್ತದೆ. ಮುಖದ ಫೋಟೊಗೆ ಅದು ಸರಿ. ಅಕ್ಷರದ ಅಂಚಿನಂಥ ಚೂಪಾದ ಗೆರೆಗಳ ಸುತ್ತ ಅದು ಬೂದು ಕಲೆಗಳನ್ನು ಬಿಡುತ್ತದೆ, ಗಾತ್ರವೂ ಇಳಿಯುವುದಿಲ್ಲ. ಆದ್ದರಿಂದ ಬ್ಲ್ಯಾಕ್ ಅಂಡ್ ವೈಟ್ ಆದರೆ ಪಿಡಿಎಫ್ ಅಥವಾ ಟಿಫ್ ಎಂಬ ಚಿತ್ರರೂಪ, ಮತ್ತು ಡಿಪಿಐ 300. ಛಾಯೆಗಳೇ ಇಲ್ಲದಿರುವಾಗ ಅಕ್ಷರದ ಆಕಾರವನ್ನು ಹಿಡಿಯಲು ಪಿಕ್ಸೆಲ್‌ಗಳಾದರೂ ಹೆಚ್ಚು ಬೇಕಾಗುತ್ತವೆ.

ಈಗ ನಿಮ್ಮ ಹನ್ನೆರಡು ಹಾಳೆಗಳಿಗೆ ಬರೋಣ. 2 ಎಂಬಿಯನ್ನು ಹನ್ನೆರಡಕ್ಕೆ ಹಂಚಿದರೆ ಹಾಳೆಗೆ ಸುಮಾರು 170 ಕೆಬಿ ಸಿಗುತ್ತದೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ ಸ್ಕ್ಯಾನ್ ಮಾಡಬೇಕೆಂಬ ನಿಯಮವೇನೂ ಇಲ್ಲ. ಒಂದೇ ಪಿಡಿಎಫ್‌ನಲ್ಲಿ ಒಂದು ಪುಟ ಕಪ್ಪು-ಬಿಳಿ, ಇನ್ನೊಂದು ಗ್ರೇಸ್ಕೇಲ್ ಇರಬಹುದು. ಹಾಳೆಗಳನ್ನು ಮೊದಲು ಎರಡು ಗುಂಪು ಮಾಡಿ. ಖರೀದಿ ಪತ್ರದ ಟೈಪ್ ಮಾಡಿದ ಪುಟಗಳು ಮತ್ತು ಪಹಣಿಯಂಥ ಸ್ಪಷ್ಟ ಮುದ್ರಣದ ಹಾಳೆಗಳು ಒಂದು ಗುಂಪು. ಅವನ್ನು 300 ಡಿಪಿಐ ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ತೆಗೆಯಿರಿ. ಮೊಹರು, ಹೆಬ್ಬೆಟ್ಟಿನ ಗುರುತು, ಛಾಪಾ ಕಾಗದದ ಮುಖಪುಟ, ಮಾಸಿದ ಮಸಿಯ ಕೈಬರಹ ಇರುವ ಹಾಳೆಗಳು ಇನ್ನೊಂದು ಗುಂಪು. ಅವಕ್ಕೆ 200 ಡಿಪಿಐ ಗ್ರೇಸ್ಕೇಲ್, ಜೆಪೆಗ್ ಗುಣಮಟ್ಟ ಮಧ್ಯಮ. ಮೊದಲ ಗುಂಪಿನಲ್ಲಿ ಎಂಟು ಹಾಳೆಗಳಿದ್ದು ಒಂದೊಂದೂ 80 ಕೆಬಿ ಆಸುಪಾಸು, ಎರಡನೆಯದರಲ್ಲಿ ನಾಲ್ಕಿದ್ದು ಒಂದೊಂದೂ 300 ಕೆಬಿ ಆಸುಪಾಸು ಬಂದರೆ ಒಟ್ಟು 1.8 ಎಂಬಿ ಆಯಿತು. ಮೀರಿದರೆ ಎರಡನೆಯ ಗುಂಪನ್ನು 150ಕ್ಕೆ ಇಳಿಸಿ, ಮೊದಲನೆಯದನ್ನು ಮುಟ್ಟಬೇಡಿ.

ಉರ್ದು ಕಾಗದಗಳ ಬಗ್ಗೆ ಬೇರೆಯೇ ಹೇಳಬೇಕು. 1948ರ ಸೆಪ್ಟೆಂಬರ್‌ವರೆಗೆ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, ಕಂದಾಯದ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಮನೆಗಳಲ್ಲಿ ಇಂಥ ಕಾಗದಗಳಿವೆ. ಇವು ಹಳದಿಯಾಗಿರುತ್ತವೆ, ಮಡಿಕೆಗಳಲ್ಲಿ ಕಪ್ಪಾಗಿರುತ್ತವೆ, ಹಿಂಬದಿಯ ಮಸಿ ಮುಂಬದಿಗೆ ಕಾಣುತ್ತಿರುತ್ತದೆ. ಸ್ಕ್ಯಾನರಿಗೆ ಈ ಹಳದಿ, ಈ ನಾರು, ಈ ನೆರಳು ಎಲ್ಲವೂ ಚಿತ್ರವೇ, ಹಾಗಾಗಿ ಖಾಲಿ ಜಾಗಕ್ಕೂ ಜೆಪೆಗ್ ಬೈಟ್‌ಗಳನ್ನು ಖರ್ಚು ಮಾಡುತ್ತದೆ. ಹಾಳೆಯ ಹಿಂದೆ ಒಂದು ಕಪ್ಪು ಡ್ರಾಯಿಂಗ್ ಶೀಟ್ ಇಟ್ಟು ಮುಚ್ಚಳ ಹಾಕಿ. ಮುಚ್ಚಳದ ಒಳಗಿನ ಬಿಳಿ ಭಾಗದಿಂದ ಬೆಳಕು ಮರಳುವುದು ನಿಂತು ಹಿಂಬದಿಯ ಬರಹ ಬಹುಮಟ್ಟಿಗೆ ಮರೆಯಾಗುತ್ತದೆ. ಚಿತ್ರ ತುಸು ಕಪ್ಪಾಗಿ ಬರುವುದರಿಂದ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಸ್ವಲ್ಪ ಏರಿಸಿ, ಹಿನ್ನೆಲೆ ಬಿಳಿಯತ್ತ ಸರಿಯಲಿ. ಇಷ್ಟರಿಂದಲೇ ಗಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ಆದರೆ ‘ಡೆಸ್ಪೆಕಲ್’, ‘ಡಸ್ಟ್ ರಿಮೂವಲ್’ ಎಂಬ ಆಯ್ಕೆಗಳನ್ನು ಈ ಕಾಗದಗಳಿಗೆ ಹಾಕಬೇಡಿ. ಉರ್ದುವಿನಲ್ಲಿ ಒಂದೇ ಆಕಾರದ ಅಕ್ಷರಗಳನ್ನು ಬೇರೆ ಮಾಡುವುದೇ ನುಖ್ತಾ ಎಂಬ ಚುಕ್ಕೆಗಳು, ಮತ್ತು ತಂತ್ರಾಂಶಕ್ಕೆ ನುಖ್ತಾ ಯಾವುದು ಧೂಳು ಯಾವುದು ಎಂದು ತಿಳಿಯುವುದಿಲ್ಲ. ಬ್ಲ್ಯಾಕ್ ಅಂಡ್ ವೈಟ್ ಕೂಡ ಇವಕ್ಕೆ ಬೇಡ, ತೆಳುವಾದ ಮಸಿ ಬಿಳಿಗೆ ಸೇರಿ ಮಾಯವಾಗುತ್ತದೆ.

ಹೊಲದ ದಾಖಲೆಯಾದ್ದರಿಂದ ಇನ್ನೊಂದು ಮಾತು. ಕೆಲವು ಯಂತ್ರಗಳು ಫೈಲ್ ಚಿಕ್ಕದು ಮಾಡಲು, ಪುಟದಲ್ಲಿ ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಂದೇ ಮಾದರಿಯಿಂದ ತುಂಬಿಬಿಡುತ್ತವೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಝೆರಾಕ್ಸ್ ಕಂಪನಿಯ ಕೆಲವು ಕಚೇರಿ ಯಂತ್ರಗಳಲ್ಲಿ ಸ್ಕ್ಯಾನ್ ಮಾಡಿದ ನಕ್ಷೆ ಮತ್ತು ಪಟ್ಟಿಗಳಲ್ಲಿ 6 ಇದ್ದಲ್ಲಿ 8 ಮುದ್ರಿತವಾದದ್ದನ್ನು ತೋರಿಸಿಕೊಟ್ಟರು. ಕಾರಣ ಇದೇ ಬಗೆಯ ಒತ್ತುವಿಕೆಯಾಗಿತ್ತು, ಕಂಪನಿ ಆಮೇಲೆ ತಂತ್ರಾಂಶವನ್ನು ತಿದ್ದಿತು. ಮಸುಕಾದ ಅಂಕಿಯಾದರೆ ಓದುವವರಿಗೆ ಅನುಮಾನವಾದರೂ ಬರುತ್ತದೆ, ಸ್ವಚ್ಛವಾಗಿ ಕಾಣುವ ತಪ್ಪು ಅಂಕಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಾನು ಮೇಲೆ ಹೇಳಿದ ಗ್ರೂಪ್ 4 ಹೀಗೆ ಮಾಡುವುದಿಲ್ಲ, ಅದು ಒಂದು ಪಿಕ್ಸೆಲ್ಲನ್ನೂ ಬದಲಿಸದ ವಿಧಾನ. ಆದರೂ ಸರ್ವೆ ನಂಬರ್, ಎಕರೆ-ಗುಂಟೆ, ದಿನಾಂಕ ಇವನ್ನು ಮೂಲದೊಂದಿಗೆ ಒಮ್ಮೆ ತಾಳೆ ನೋಡಿಯೇ ಅಪ್‌ಲೋಡ್ ಮಾಡಿ.

ಅಂಕಪಟ್ಟಿ ಮತ್ತು 371ಜೆ ಪ್ರಮಾಣಪತ್ರದ ಕೆಲಸ ಸುಲಭ. ಅಂಕಪಟ್ಟಿಯ ಹಿನ್ನೆಲೆಯಲ್ಲಿ ಸಾಮಾನ್ಯವಾಗಿ ನವಿರಾದ ಬಣ್ಣದ ಗೆರೆಗಳ ವಿನ್ಯಾಸವಿರುತ್ತದೆ, ಅದೇ ಗಾತ್ರವನ್ನು ಏರಿಸುವುದು. 371ಜೆ ಪ್ರಮಾಣಪತ್ರದಲ್ಲಿ ಸಹಾಯಕ ಆಯುಕ್ತರ ಸಹಿಯ ಮೇಲೆ ಮೊಹರು ಬಿದ್ದಿದ್ದರೆ, ಕಪ್ಪು-ಬಿಳಿಯಲ್ಲಿ ಎರಡೂ ಸೇರಿ ಒಂದು ಮುದ್ದೆಯಾಗುತ್ತವೆ. ಆದ್ದರಿಂದ ಎರಡನ್ನೂ ಬಣ್ಣದಲ್ಲೇ 300 ಡಿಪಿಐನಲ್ಲಿ ತೆಗೆದು, ಸುತ್ತಲಿನ ಖಾಲಿ ಅಂಚನ್ನು ಕ್ರಾಪ್ ಮಾಡಿ, ಅಗಲ 1240 ಪಿಕ್ಸೆಲ್ ಆಗುವಂತೆ ರೀಸೈಜ್ ಮಾಡಿ, ಜೆಪೆಗ್ ಗುಣಮಟ್ಟವನ್ನು 50-60ಕ್ಕೆ ಇಟ್ಟು ಉಳಿಸಿ. ನೇರವಾಗಿ 150ರಲ್ಲಿ ಸ್ಕ್ಯಾನ್ ಮಾಡಿದ್ದಕ್ಕಿಂತ 300ರಿಂದ ಇಳಿಸಿದ್ದು ಹೆಚ್ಚಾಗಿ ನಯವಾಗಿರುತ್ತದೆ. ಮಿತಿ 200 ಕೆಬಿ ಇದ್ದರೆ 190ರಲ್ಲಿ ನಿಲ್ಲಿಸಿ. ಒಂದು ಕೆಬಿಯನ್ನು ಕೆಲವರು 1000 ಬೈಟ್ ಎಂದೂ ಕೆಲವರು 1024 ಎಂದೂ ಲೆಕ್ಕ ಹಿಡಿಯುವುದರಿಂದ, 200ರ ಅಂಚಿನಲ್ಲಿರುವ ಫೈಲ್ ತಿರಸ್ಕೃತವಾಗಬಹುದು. ಮಗಳ ಸಹಿಗೆ ಇಡೀ ಎ4 ಗಾಜನ್ನು ಸ್ಕ್ಯಾನ್ ಮಾಡಬೇಡಿ, ಪ್ರೀವ್ಯೂ ಒತ್ತಿ ಸಹಿಯ ಸುತ್ತ ಚೌಕ ಎಳೆದು ಅಷ್ಟನ್ನೇ ತೆಗೆಯಿರಿ.

ಇನ್ನೊಂದು ವಿಚಿತ್ರವನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರವೋ ಈಗಿನ ಪಹಣಿಯೋ ಆನ್‌ಲೈನಿನಲ್ಲಿ ಪಿಡಿಎಫ್ ಆಗಿಯೇ ಸಿಕ್ಕಿರುತ್ತದೆ. ಅದನ್ನು ಪ್ರಿಂಟ್ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ, ಫೈಲ್ ದೊಡ್ಡದಾಯಿತೆಂದು ಕುಗ್ಗಿಸಲು ಕೂಡುತ್ತಾರೆ. ಮೂಲ ಪಿಡಿಎಫ್‌ನಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುವುದರಿಂದ ಅದು ಚಿಕ್ಕದೂ ಹೌದು, ಎಷ್ಟು ಹಿಗ್ಗಿಸಿದರೂ ಸ್ಪಷ್ಟವೂ ಹೌದು. ಅದನ್ನೇ ಅಪ್‌ಲೋಡ್ ಮಾಡಿ. ಡಿಜಿಟಲ್ ಸಹಿ ಇರುವ ಪಿಡಿಎಫ್ ಆದರೆ ಅದನ್ನು ಕುಗ್ಗಿಸಲೂಬೇಡಿ, ಮತ್ತೆ ಉಳಿಸಿದ ಕೂಡಲೇ ಆ ಸಹಿಯ ಪರಿಶೀಲನೆ ವಿಫಲವಾಗುತ್ತದೆ.

ತಂತ್ರಾಂಶದ ಮಟ್ಟಿಗೆ, ನ್ಯಾಪ್ಸ್2 ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ನಾನು ಶಿಫಾರಸು ಮಾಡುತ್ತೇನೆ. ಅದರಲ್ಲಿ ‘ಪ್ರೊಫೈಲ್’ ಎಂದು ಸೆಟ್ಟಿಂಗ್‌ಗಳ ಕಟ್ಟನ್ನು ಹೆಸರಿಟ್ಟು ಉಳಿಸಬಹುದು: ‘ಟೈಪ್ ಹಾಳೆ’ ಎಂಬ ಹೆಸರಿನಲ್ಲಿ 300 ಕಪ್ಪು-ಬಿಳಿ, ‘ಮೊಹರು’ ಎಂಬುದರಲ್ಲಿ 200 ಗ್ರೇಸ್ಕೇಲ್. ಪುಟಗಳನ್ನು ಬೇರೆ ಬೇರೆ ಪ್ರೊಫೈಲ್‌ನಲ್ಲಿ ತೆಗೆದು, ಸಾಲಾಗಿ ಜೋಡಿಸಿ, ಒಂದೇ ಪಿಡಿಎಫ್ ಮಾಡಬಹುದು. ಇದೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಇಂಟರ್‌ನೆಟ್ ಬೇಡ. ಹೊಲದ ಕಾಗದ, ಆಧಾರ್, ಸಹಿ ಇವುಗಳನ್ನು ಯಾರು ನಡೆಸುತ್ತಾರೆಂದು ತಿಳಿಯದ ಜಾಲತಾಣಕ್ಕೆ ಕೊಟ್ಟು ಕುಗ್ಗಿಸಿಕೊಳ್ಳುವುದು, ಅಕ್ಷರ ಕೆಡದಿದ್ದರೂ ನನಗೆ ಒಪ್ಪಿಗೆಯಿಲ್ಲ.

ಈಗಿರುವ 96 ಎಂಬಿ ಫೈಲನ್ನು ಏನು ಮಾಡಬೇಕು? ಮೂಲ ಹಾಳೆಗಳು ಕೈಯಲ್ಲಿರುವಾಗ ಅದನ್ನು ರಿಪೇರಿ ಮಾಡುವ ಗೋಜಿಗೆ ಹೋಗಬೇಡಿ, ಹೊಸದಾಗಿ ಸ್ಕ್ಯಾನ್ ಮಾಡುವುದೇ ಬೇಗ ಮುಗಿಯುತ್ತದೆ. ಮೂಲ ಸಿಗದ ಫೈಲ್‌ಗಳಿಗೆ ಮಾತ್ರ, ಚಿತ್ರಗಳನ್ನು 150 ಡಿಪಿಐಗೆ ಇಳಿಸುವ ಆಯ್ಕೆಯಿರುವ ಪಿಡಿಎಫ್ ತಂತ್ರಾಂಶವನ್ನು ಬಳಸಿ, ಪ್ರತಿ ಸಲವೂ ಮೊದಲ ಫೈಲಿನಿಂದಲೇ ಶುರುಮಾಡಿ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಜೆಪೆಗ್ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ.

ವಕೀಲರಿಗೆ ಮಾತ್ರ 2 ಎಂಬಿಯ ಪ್ರತಿಯನ್ನು ಕಳುಹಿಸಬೇಡಿ. ಮೊಹರಿನ ಅಂಚು, ತಿದ್ದಿದ ಗುರುತು, ಮಸಿಯ ವ್ಯತ್ಯಾಸ ಅವರು ನೋಡಬೇಕಾಗಬಹುದು. ಅವರಿಗಾಗಿ ಹನ್ನೆರಡೂ ಹಾಳೆಗಳನ್ನು 300 ಡಿಪಿಐ ಬಣ್ಣದಲ್ಲಿ ಬೇರೆಯಾಗಿ ತೆಗೆದು, ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಇದು 12ರಿಂದ 24 ಎಂಬಿ ಆದೀತು. ಜಿಮೇಲ್‌ನ ಮಿತಿ 25 ಎಂಬಿ ಇದ್ದರೂ, ಲಗತ್ತು ಹೋಗುವಾಗ ಪಠ್ಯರೂಪಕ್ಕೆ ಬದಲಾಗಿ ಮೂರನೇ ಒಂದು ಭಾಗದಷ್ಟು ಬೆಳೆಯುವುದರಿಂದ 18 ಎಂಬಿ ದಾಟಿದ ಫೈಲ್ ಸಿಕ್ಕಿಹಾಕಿಕೊಳ್ಳಬಹುದು. ಆರಾರು ಹಾಳೆಗಳ ಎರಡು ಪಿಡಿಎಫ್ ಮಾಡಿ ಎರಡು ಮೇಲ್‌ನಲ್ಲಿ ಕಳುಹಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ಫೋಟೊ ಆಗಿ ಹಾಕದೆ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿ. ಫೋಟೊ ಆಗಿ ಹಾಕಿದರೆ ಅದು ತಾನೇ ಕುಗ್ಗಿಸಿಬಿಡುತ್ತದೆ.